ರಸಪ್ರಶ್ನೆಗೆ ಬೆಲ್ಲು ಬೇಡ, ಸ್ಲೇಟು ಕೊಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 22, ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ. ಗಣಿತ ದಿನವೆಂದು ಬೆಂಗಳೂರಿನ ಶಾಲೆಗಳಲ್ಲಿ ಅಂದು ರಸಪ್ರಶ್ನೆ ನಡೆಸುವುದುಂಟು. ಪರೀಕ್ಷೆಗೆ ಮುಂಚಿನ ಪುನರಾವರ್ತನೆಗೂ ಶಿಕ್ಷಕರು ಇದೇ ಆಟವನ್ನು ನೆಚ್ಚಿಕೊಳ್ಳುತ್ತಾರೆ. ನಾಲ್ಕರಿಂದ ಏಳನೇ ತರಗತಿಯವರೆಗಿನ ರೇಖಾಗಣಿತ ಮತ್ತು ಅಳತೆಯ ಪಾಠಗಳಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ತೊಂದರೆ ಇರುವುದು ಆಡಿಸುವ ರೀತಿಯಲ್ಲಿ. ಟಿ.ವಿ.ಯಲ್ಲಿ ಕಂಡಂತೆ ಬೆಲ್ಲು ಒತ್ತಿಸಿ, ಮೊದಲು ಹೇಳಿದವರಿಗೆ ಅಂಕ ಕೊಟ್ಟರೆ ಐದಾರು ಮಕ್ಕಳೇ ಇಡೀ ಆಟ ಆಡಿ ಮುಗಿಸುತ್ತಾರೆ. ಉಳಿದವರು ಎಲ್ಲಿ ಎಡವಿದ್ದಾರೆ ಎಂಬುದು ಶಿಕ್ಷಕರಿಗೆ ಗೊತ್ತೇ ಆಗುವುದಿಲ್ಲ.

40 ಮಕ್ಕಳಿದ್ದರೆ ನಾಲ್ಕು ನಾಲ್ಕು ಜನರ ಹತ್ತು ಗುಂಪು ಮಾಡಿ. ಚುರುಕಿನವರು, ನಿಧಾನದವರು ಬೆರೆತಿರಲಿ. ಗುಂಪಿಗೊಂದು ಸ್ಲೇಟು, ಬಳಪ, ಒರೆಸುವ ಬಟ್ಟೆ. ಪ್ರಶ್ನೆ ಓದಿದ ಮೇಲೆ ಒಂದೂವರೆ ನಿಮಿಷ ಬಿಟ್ಟು "ತೋರಿಸಿ" ಎಂದಾಗ ಹತ್ತೂ ಸ್ಲೇಟು ಒಟ್ಟಿಗೆ ಮೇಲೇಳಬೇಕು. ಸಂಖ್ಯೆಗೆ ಒಂದು ಅಂಕ, ಏಕಮಾನಕ್ಕೆ ಒಂದು, ಕಾರಣಕ್ಕೆ ಎರಡು. ಕಾರಣ ಹೇಳುವವರನ್ನು ಗುಂಪು ಆರಿಸಬಾರದು. ಮಕ್ಕಳಿಗೆ 1ರಿಂದ 4ರವರೆಗೆ ಸಂಖ್ಯೆ ಕೊಟ್ಟು ಚೀಟಿ ಎತ್ತಬೇಕು. ಆಗ ಗೊತ್ತಿರುವ ಮಗು ಉಳಿದ ಮೂವರಿಗೆ ಹೇಳಿಕೊಡಲೇಬೇಕಾಗುತ್ತದೆ. ತಪ್ಪಿಗೆ ಅಂಕ ಕಳೆದರೆ ಗೊತ್ತಿಲ್ಲದವರು ಸ್ಲೇಟನ್ನು ಖಾಲಿ ಬಿಡುತ್ತಾರೆ, ಖಾಲಿ ಸ್ಲೇಟಿನಿಂದ ಶಿಕ್ಷಕರಿಗೆ ಏನೂ ತಿಳಿಯದು. ಸೋತ ಗುಂಪನ್ನು ಹೊರಗೆ ಕೂರಿಸುವುದಂತೂ ಕೂಡದು. ಪುನರಾವರ್ತನೆ ಹೆಚ್ಚು ಬೇಕಾದವರೇ ಮೊದಲು ಹೊರಬೀಳುತ್ತಾರೆ. 40 ನಿಮಿಷದ ಪೀರಿಯಡ್‌ಗೆ ಎಂಟು ಪ್ರಶ್ನೆ ಸಾಕು, ಒಂದೊಂದಕ್ಕೆ ನಾಲ್ಕು ನಿಮಿಷ. ಹತ್ತರಲ್ಲಿ ಏಳು ಸ್ಲೇಟಿನ ಮೇಲೆ ಒಂದೇ ತಪ್ಪು ಕಂಡರೆ ಅಂಕ ಬರೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪಾಠಕ್ಕೆ ಇಳಿಯಬೇಕು.

ಇದಕ್ಕಿಂತ ಮುಖ್ಯವಾದದ್ದು ಪ್ರಶ್ನೆಗಳಲ್ಲಿನ ಸಂಖ್ಯೆಗಳ ಆಯ್ಕೆ. ಬಾಹು 4 ಸೆಂ.ಮೀ. ಇರುವ ಚೌಕ ಕೊಟ್ಟು ವಿಸ್ತೀರ್ಣ ಕೇಳಿದರೆ ಉತ್ತರ 16, ಸುತ್ತಳತೆಯೂ 16. 6 ಮತ್ತು 3ರ ಆಯತದಲ್ಲಿ ಎರಡೂ 18. ಸುತ್ತಳತೆಗೂ ವಿಸ್ತೀರ್ಣಕ್ಕೂ ವ್ಯತ್ಯಾಸ ತಿಳಿಯದ ಮಗುವಿಗೂ ಇಲ್ಲಿ ಅಂಕ ಸಿಕ್ಕಿಬಿಡುತ್ತದೆ. 8 ಮತ್ತು 3 ಕೊಡಿ: ಸುತ್ತಳತೆ 22 ಸೆಂ.ಮೀ., ವಿಸ್ತೀರ್ಣ 24 ಚದರ ಸೆಂ.ಮೀ. ಎರಡು ಬಾಹುಗಳನ್ನು ಮಾತ್ರ ಕೂಡಿದವರು 11 ಬರೆಯುತ್ತಾರೆ. ಸ್ಲೇಟು ನೋಡಿದೊಡನೆ ಯಾರ ತಪ್ಪು ಯಾವ ಬಗೆಯದೆಂದು ತಿಳಿಯುತ್ತದೆ. ಮುಂದಿನ ಪ್ರಶ್ನೆಗೆ 24 ಸೆಂ.ಮೀ. ದಾರದ ಎರಡು ತುದಿ ಗಂಟುಹಾಕಿ ಕೊಡಿ. 11 ಮತ್ತು 1ರ ಆಯತ ಮಾಡಿದರೆ ವಿಸ್ತೀರ್ಣ 11, 8 ಮತ್ತು 4ಕ್ಕೆ 32, 6ರ ಚೌಕಕ್ಕೆ 36. ದಾರ ಅದೇ, ಒಳಗಿನ ಜಾಗ ಬೇರೆ. (ಗಂಟಿಗೆ ಹೋಗುವಷ್ಟು ದಾರ ಹೆಚ್ಚಿಗೆ ಬಿಟ್ಟುಕೊಳ್ಳಲು ಮರೆಯಬೇಡಿ.)

ಕೋನ ಅಳೆಯಲು 90 ಡಿಗ್ರಿ ಕೊಡುವುದೂ ಇಂಥದ್ದೇ ತಪ್ಪು. ಕೋನಮಾಪಕದ ಒಳಸಾಲು, ಹೊರಸಾಲು ಎರಡರಲ್ಲೂ ಅಲ್ಲಿರುವುದು 90 ತಾನೇ. 70 ಡಿಗ್ರಿ ಕೊಟ್ಟು ನೋಡಿ, ಎಷ್ಟೋ ಸ್ಲೇಟಿನಲ್ಲಿ 110 ಬರುತ್ತದೆ. ಕೋನಮಾಪಕ ಇಡುವ ಮುಂಚೆಯೇ ಲಘುಕೋನವಾದರೆ "ಲ", ವಿಶಾಲಕೋನವಾದರೆ "ವಿ" ಎಂದು ಸ್ಲೇಟಿನ ಮೂಲೆಯಲ್ಲಿ ಬರೆಸಿದರೆ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಗೆರೆ ಉದ್ದವಾದರೆ ಕೋನವೂ ದೊಡ್ಡದು ಎಂಬ ನಂಬಿಕೆ ಇನ್ನೂ ಗಟ್ಟಿ. ತೆಂಗಿನ ಪೊರಕೆಯ ಎರಡು ಗಿಡ್ಡ ಕಡ್ಡಿಗಳಿಂದ 60 ಡಿಗ್ರಿ, ಎರಡು ಉದ್ದ ಕಡ್ಡಿಗಳಿಂದ 40 ಡಿಗ್ರಿ ಮಾಡಿ ಪಕ್ಕಪಕ್ಕದಲ್ಲಿಟ್ಟು ಯಾವುದು ದೊಡ್ಡದೆಂದು ಕೇಳಿ. ರಟ್ಟಿನ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ಅದು ಚೌಕವೇ ಅಲ್ಲ, ಡೈಮಂಡ್ ಎನ್ನುವವರಿಗೆ ಅದೇ ರಟ್ಟನ್ನು ಕಣ್ಣೆದುರೇ ತಿರುಗಿಸಿ ತೋರಿಸಬೇಕು.

ಸ್ಕೇಲಿನ ಪ್ರಶ್ನೆಗೆ ಮುರಿದ ಸ್ಕೇಲೇ ಒಳ್ಳೆಯದು. 3ರಿಂದ 9.5ರವರೆಗೆ ಮಲಗಿಸಿದ ಪೆನ್ಸಿಲ್ಲಿನ ಉದ್ದ 6.5 ಸೆಂ.ಮೀ.; ಕೊನೆಯ ಅಂಕಿಯನ್ನಷ್ಟೇ ಓದುವವರು 9.5 ಎನ್ನುತ್ತಾರೆ. ಒಂದೆರಡು ಪ್ರಶ್ನೆ ಅಂದಾಜಿಗೂ ಇರಲಿ. ತರಗತಿಯ ಬಾಗಿಲಿನ ಅಗಲ ಎಷ್ಟೆಂದು ಮೊದಲು ಬರೆಸಿ, ಆಮೇಲೆ ಟೇಪು ಹಿಡಿದು ಅಳೆಸಿ, ಹತ್ತಿರ ಬಂದವರಿಗೆ ಅಂಕ ಕೊಡಿ. ಟೈಲರ್ ಟೇಪಿನ ಒಂದು ಬದಿ ಇಂಚು, ಇನ್ನೊಂದು ಬದಿ ಸೆಂ.ಮೀ. ಇದ್ದರೆ ಬದಿ ತಪ್ಪಿ ಓದುವುದು ಸಾಮಾನ್ಯ. ಉಕ್ಕಿನ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುವುದನ್ನು ಕಂಡು ಕೆಟ್ಟಿದೆ ಎಂದುಕೊಳ್ಳಬೇಡಿ. ಕೊಕ್ಕೆಯ ದಪ್ಪದಷ್ಟೇ ಅದು ಸರಿಯುವುದು, ಎಳೆದು ಅಳೆದರೂ ಒತ್ತಿ ಅಳೆದರೂ ಲೆಕ್ಕ ಸರಿಬರಲೆಂದು.

ಬೆಂಗಳೂರಿನ ಮಕ್ಕಳಿಗೆ "ತರ್ಟಿ ಫಾರ್ಟಿ" ಸೈಟು ಕಿವಿಗೆ ಬಿದ್ದ ಮಾತು. 30 ಅಡಿ, 40 ಅಡಿಯ ಆ ಸೈಟಿನ ವಿಸ್ತೀರ್ಣ 1200 ಚದರ ಅಡಿ, ಸುತ್ತ ಬೇಲಿಗೆ 140 ಅಡಿ. "1200 ಅಡಿ" ಎಂದು ಬರೆದವರಿಗೆ ಏಕಮಾನದ ಅಂಕ ಕೊಡಬೇಡಿ. 33 ಅಡಿ ಚೌಕದ ಒಂದು ಗುಂಟೆ ದೊಡ್ಡದೋ ಈ ಸೈಟೋ ಎಂದು ಕೇಳಿ: ಗುಂಟೆ 1089 ಚದರ ಅಡಿ, ಸೈಟು 111 ಚದರ ಅಡಿ ಹೆಚ್ಚು. ಏಳನೇ ತರಗತಿಯಲ್ಲಿ ಕರ್ಣ ಕೇಳಬಹುದು, ಸರಿಯಾಗಿ 50 ಅಡಿ ಬರುತ್ತದೆ. ಪಾಯ ಗುರುತು ಹಾಕುವಾಗ ಗಾರೆ ಮೇಸ್ತ್ರಿಗಳು 3, 4, 5 ಅಡಿ ಅಳೆದು ಮೂಲೆಮಟ್ಟ ನೋಡುವುದೂ ಇದೇ ಲೆಕ್ಕದಿಂದ.

ವೃತ್ತಕ್ಕೆ ಬಳೆ. ಚಿಕ್ಕಪೇಟೆಯ ಅಂಗಡಿಯಲ್ಲಿ 2-8 ಎಂದರೆ 2.8 ಇಂಚಲ್ಲ, ಎರಡು ಇಂಚು ಮತ್ತು ಹದಿನಾರರಲ್ಲಿ ಎಂಟು ಭಾಗ, ಅಂದರೆ ಒಳವ್ಯಾಸ ಎರಡೂವರೆ ಇಂಚು, 6.35 ಸೆಂ.ಮೀ. ಒಳಅಂಚನ್ನು ಕಾಗದದ ಮೇಲೆ ಬರೆದು ಆ ಗೆರೆಗುಂಟ ದಾರ ಇಟ್ಟು ಅಳೆದರೆ ಸುಮಾರು 20 ಸೆಂ.ಮೀ., ವ್ಯಾಸದ ಮೂರು ಪಟ್ಟಿಗಿಂತ ತುಸು ಹೆಚ್ಚು. ಒಣ ದಾರ ಜಾರುತ್ತದೆ, ಒದ್ದೆ ಮಾಡಿಕೊಳ್ಳಿ.

ಕಾಲದ ಲೆಕ್ಕದಲ್ಲಿ ಒಂದೇ ಎಚ್ಚರ: 10.45ರಿಂದ 12.15ಕ್ಕೆ ಎಷ್ಟು ಹೊತ್ತೆಂದರೆ ದಶಮಾಂಶದಂತೆ ಕಳೆದು 1.70 ಬರೆಯುತ್ತಾರೆ. ಮೊಬೈಲ್ ಆ್ಯಪ್‌ನಲ್ಲಿ ರಸಪ್ರಶ್ನೆ ನಡೆಸುವವರು ಬೇಗ ಒತ್ತಿದವರಿಗೆ ಹೆಚ್ಚು ಅಂಕ ಕೊಡುವ ಏರ್ಪಾಡನ್ನು ತೆಗೆದುಹಾಕಲು ಸಾಧ್ಯವಿದ್ದರೆ ದಯವಿಟ್ಟು ತೆಗೆಯಿರಿ.

ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದ ಗಣಿತ ಸ್ಪರ್ಧೆಗಳಲ್ಲಾದರೂ ಬೆಲ್ಲಿನ ಬದಲು ಸ್ಲೇಟು ಬರಲಿ, ಗಣಿತ ಕಿಟ್ ಇರುವ ಶಾಲೆಗಳಲ್ಲಿ ಅದು ಬೀರುವಿನಿಂದ ಹೊರಬಂದು ಮಕ್ಕಳ ಕೈಸೇರಲಿ ಎಂದು ಶಿಕ್ಷಣ ಇಲಾಖೆಯನ್ನು ಕೇಳಿಕೊಳ್ಳುತ್ತೇವೆ. ತಮ್ಮಲ್ಲಿಯೂ ಒಂದು ಕೋರಿಕೆ. ವಿದ್ಯಾರ್ಥಿಗಳಿಗಾಗಿ ವಾರಕ್ಕೊಂದು ಕೋನವನ್ನೋ ತ್ರಿಭುಜವನ್ನೋ ಅಂಕಿಗಳಿಲ್ಲದೆ ಮುದ್ರಿಸಿ. ಮಕ್ಕಳು ಪತ್ರಿಕೆಯ ಮೇಲೆಯೇ ಕೋನಮಾಪಕ ಇಟ್ಟು ಅಳೆಯಲಿ. ಅಚ್ಚಿನಲ್ಲಿ ಚಿತ್ರ ಒಂದೇ ಪ್ರಮಾಣದಲ್ಲಿ ಕುಗ್ಗಿದರೆ ಕೋನ ಬದಲಾಗದು, ಬಾಹುವಿನ ಉದ್ದ ಬದಲಾಗುತ್ತದೆ. ಆದ್ದರಿಂದ ಚಿತ್ರದ ಕೆಳಗೆ 10 ಸೆಂ.ಮೀ. ಎಂದು ಬರೆದ ಒಂದು ಗೆರೆಯೂ ಇರಲಿ. ಅದು ಸರಿಯಾಗಿ 10 ಇದೆಯೇ ಎಂದು ಮೊದಲು ನೋಡಿಕೊಂಡು ಆಮೇಲೆ ಬಾಹುಗಳನ್ನು ಅಳೆಯುತ್ತಾರೆ.

ಇತಿ,
ಪ್ರಾಥಮಿಕ ಶಾಲಾ ಗಣಿತ ಶಿಕ್ಷಕರ ಒಂದು ಬಳಗ
ಬಸವನಗುಡಿ, ಬೆಂಗಳೂರು