ರೈಲು ಕಾವೇರಿ ದಡದವರೆಗೆ ಬರಲಿ, ಘಟ್ಟ ಇಳಿಯುವುದು ಬೇಡ

ಮಾನ್ಯ ಸಂಪಾದಕರೇ,

ಕೊಡಗು ಜಿಲ್ಲೆಯಲ್ಲಿ ಇವತ್ತಿಗೂ ಒಂದು ಕಿಲೋಮೀಟರ್ ರೈಲು ಹಳಿ ಇಲ್ಲ. ಹಾಗಾಗಿ ರೈಲಿನ ಪ್ರಸ್ತಾಪ ಬಂದಾಗಲೆಲ್ಲ ಅರ್ಧ ಜನ ‘ಬರಲೇಬೇಕು’ ಎನ್ನುತ್ತಾರೆ, ಉಳಿದರ್ಧ ‘ಬೇಡವೇ ಬೇಡ’ ಎನ್ನುತ್ತಾರೆ. ಎಲ್ಲಿಯವರೆಗೆ ಬರಬೇಕು, ಎಂಥ ಹಳಿ, ಎಷ್ಟು ಏರು, ಯಾವ ಸರಕು ಎಂದು ಕೇಳುವವರು ಕಡಿಮೆ. ಈಗ ‘ಅತಿವೇಗದ ಪ್ರಯಾಣಿಕ ಮತ್ತು ಸರಕು ಕಾರಿಡಾರ್’ ಎಂಬ ಮಾತೂ ಸೇರಿಕೊಂಡಿರುವುದರಿಂದ ಲೆಕ್ಕವನ್ನು ಓದುಗರ ಮುಂದಿಡುತ್ತಿದ್ದೇವೆ.

ಅತಿವೇಗದ ರೈಲು ಮತ್ತು ಸರಕು ರೈಲು ಒಂದೇ ಹಳಿಯಲ್ಲಿ ಸಂಸಾರ ಮಾಡುವುದಿಲ್ಲ. ನಮ್ಮ ದೇಶವೇ ಇವೆರಡನ್ನೂ ಬೇರೆ ಬೇರೆಯಾಗಿ ಕಟ್ಟುತ್ತಿದೆ. ಮುಂಬೈ–ಅಹಮದಾಬಾದ್ ನಡುವಿನ 508 ಕಿ.ಮೀ. ಮಾರ್ಗ ಗಂಟೆಗೆ 320 ಕಿ.ಮೀ. ವೇಗದ್ದು. ಅದರ ಹಳಿಗಳ ಅಂತರ 1,435 ಮಿ.ಮೀ., ನಮ್ಮ ಬ್ರಾಡ್‌ಗೇಜ್‌ನದು 1,676 ಮಿ.ಮೀ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡುವುದಿಲ್ಲ. ದಾದ್ರಿಯಿಂದ ಜವಾಹರಲಾಲ್ ನೆಹರು ಬಂದರಿನವರೆಗಿನ 1,506 ಕಿ.ಮೀ. ಸರಕು ಕಾರಿಡಾರ್‌ನಲ್ಲಾದರೆ ವೇಗದ ಮಿತಿ 100 ಕಿ.ಮೀ., ಒಂದು ಅಚ್ಚಿನ ಮೇಲೆ 25 ಟನ್ ಭಾರ, ಒಂದೂವರೆ ಕಿ.ಮೀ. ಉದ್ದದ ರೈಲು. ಎರಡನ್ನೂ ಒಟ್ಟಿಗೆ ಕೊಡುತ್ತೇವೆ ಎನ್ನುವವರು ಯಾವುದನ್ನು ಕೊಡುತ್ತಾರೆಂದು ಮೊದಲು ಹೇಳಬೇಕು.

ಅಷ್ಟು ವೇಗ ಬೇಡ, ಗಂಟೆಗೆ 160 ಕಿ.ಮೀ. ಸಾಕು ಎಂದರೂ ಪ್ರತಿ ತಿರುವಿನಲ್ಲಿ ಜಗಳ ಇದ್ದೇ ಇರುತ್ತದೆ. ತಿರುವಿನಲ್ಲಿ ಹೊರಹಳಿಯನ್ನು ಒಳಹಳಿಗಿಂತ ಎತ್ತರಿಸಿ ಕೂರಿಸುತ್ತಾರೆ, ವೇಗದ ರೈಲು ಹೊರಕ್ಕೆ ಎಳೆಯುವುದನ್ನು ತಡೆಯಲು. ರೈಲ್ವೆ ನಿಯಮದ ಪ್ರಕಾರ ಹೆಚ್ಚೆಂದರೆ 165 ಮಿ.ಮೀ. ಎತ್ತರಿಸಬಹುದು, ವೇಗಕ್ಕೆ ಬೇಕಾದ ಎತ್ತರದಲ್ಲಿ ಇನ್ನು 100 ಮಿ.ಮೀ. ಕೊರತೆಯಾದರೂ ಸಹಿಸಬಹುದು. ಆ ಲೆಕ್ಕದಲ್ಲಿ 160ರ ವೇಗಕ್ಕೆ 1,325 ಮೀಟರ್ ತ್ರಿಜ್ಯದ ತಿರುವು ಸಾಕು. ಅದೇ ತಿರುವಿಗೆ 60 ಕಿ.ಮೀ. ವೇಗದ ಗೂಡ್ಸ್ ಬಂದಾಗ ಅದಕ್ಕೆ ಬೇಕಾದ ಎತ್ತರ 37 ಮಿ.ಮೀ. ಮಾತ್ರ. 165 ಇಟ್ಟರೆ 128 ಮಿ.ಮೀ. ಹೆಚ್ಚಾಯಿತು. ನಿಯಮ ಒಪ್ಪುವ ಹೆಚ್ಚುವರಿ ಬರೀ 75. ಮೀರಿದರೆ ತುಂಬಿದ ವ್ಯಾಗನ್ ಒಳಕ್ಕೆ ವಾಲಿ ಭಾರವೆಲ್ಲ ಒಳಹಳಿಯ ಮೇಲೆ ಬೀಳುತ್ತದೆ. ಹಳಿಯ ತಲೆ ಚಪ್ಪಟೆಯಾಗುತ್ತದೆ, ಸ್ಲೀಪರ್ ಕೆಳಗಿನ ಜಲ್ಲಿ ಪುಡಿಯಾಗುತ್ತದೆ, ಮಳೆಗಾಲದಲ್ಲಿ ಅದೇ ಪುಡಿ ಕೆಸರಾಗಿ ಮೇಲೆ ಉಕ್ಕುತ್ತದೆ. ಗೂಡ್ಸ್‌ಗೆ ಹೊಂದುವಂತೆ ಎತ್ತರವನ್ನು 112ಕ್ಕೆ ಇಳಿಸಿದರೆ ಪ್ರಯಾಣಿಕ ರೈಲಿನ ವೇಗ 143ಕ್ಕೆ ಇಳಿಯುತ್ತದೆ. ಎರಡೂ ನಡೆಯಬೇಕಾದರೆ ತ್ರಿಜ್ಯ ಕನಿಷ್ಠ 1,725 ಮೀಟರ್ ಬೇಕು. ಇದನ್ನು ಸಮೀಕ್ಷೆಯ ದಿನವೇ ತೀರ್ಮಾನಿಸಬೇಕು. ಹಳಿ ಹಾಕಿದ ಮೇಲೆ ತಿರುವನ್ನು ಸಡಿಲಿಸುವುದೆಂದರೆ ಮತ್ತೆ ಜಮೀನು, ಮತ್ತೆ ಪರಿಹಾರ, ಮತ್ತೆ ಕೋರ್ಟು.

ಇನ್ನು ಏರಿನ ವಿಚಾರ. ಮೈಸೂರು ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಕುಶಾಲನಗರ ಸುಮಾರು 830ರಲ್ಲಿ. ನಡುವೆ ಏರಿಳಿತವಿದ್ದರೂ ರೈಲಿಗೆ ಇದು ಬಯಲುಸೀಮೆಯೇ. ಮಡಿಕೇರಿ ಇರುವುದು 1,150 ಮೀಟರ್ ಆಸುಪಾಸಿನಲ್ಲಿ. ನೂರು ಮೀಟರ್‌ಗೆ ಒಂದು ಮೀಟರ್ ಏರಿನಂತೆ ಹೋದರೆ ಕುಶಾಲನಗರದಿಂದ ಮೇಲೇರುವುದಕ್ಕೇ 32 ಕಿ.ಮೀ. ಹಳಿ ಬೇಕು. ಮಡಿಕೇರಿಯಿಂದ ಸುಳ್ಯದ ಕಡೆಗಿನ ಇಳಿಜಾರು ಹೆಚ್ಚುಕಡಿಮೆ ಒಂದು ಸಾವಿರ ಮೀಟರ್. ಅಲ್ಲಿ ನೂರಕ್ಕೊಂದು ಎಂದರೆ 100 ಕಿ.ಮೀ., ಐವತ್ತಕ್ಕೊಂದು ಎಂದರೆ 50 ಕಿ.ಮೀ. ಅದೂ ಎಲ್ಲಿಯೂ ಸಮತಟ್ಟು ಕೊಡದೆ, ಬೆಟ್ಟವನ್ನು ಸುತ್ತಿ ಸುತ್ತಿ. ಐವತ್ತಕ್ಕೊಂದು ಏರಿನಲ್ಲಿ 5,000 ಟನ್ನಿನ ಗೂಡ್ಸ್ ರೈಲನ್ನು ಗುರುತ್ವವೇ 100 ಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಗೂಡ್ಸ್‌ಗೆ ಕಟ್ಟುವ ಡಬ್ಲ್ಯುಎಜಿ-9 ವಿದ್ಯುತ್ ಎಂಜಿನ್ ಹೊರಡುವಾಗ ಎಳೆಯಬಲ್ಲದ್ದು ಸುಮಾರು 47 ಟನ್ ಬಲದಿಂದ. ಮುಂದೆ ಎರಡು ಎಂಜಿನ್ ಕಟ್ಟಿದರೂ ಸಾಲದು, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಬ ಹೆಚ್ಚುವರಿ ಎಂಜಿನ್ ಬೇಕು. ಇನ್ನೂರಕ್ಕೊಂದು ಏರಿನಲ್ಲಿ ಅದೇ ರೈಲಿಗೆ ಜಗ್ಗಾಟ 25 ಟನ್, ಒಂದೇ ಎಂಜಿನ್ ಸಾಕು.

ಘಟ್ಟದ ರೈಲು ಹೇಗಿರುತ್ತದೆಂದು ನೋಡಲು ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಾರ್ಗವೇ ಇದೆ. 55 ಕಿ.ಮೀ.ನಲ್ಲಿ 57 ಸುರಂಗ, ಐವತ್ತಕ್ಕೊಂದು ಏರು, 30 ಕಿ.ಮೀ. ವೇಗ. ಇಳಿಯುವಾಗ ಬ್ರೇಕ್ ಕೈಕೊಟ್ಟರೆ ರೈಲನ್ನು ತಿರುಗಿಸಿ ನಿಲ್ಲಿಸಲು ಏರುಹಳಿಯ ಕ್ಯಾಚ್ ಸೈಡಿಂಗ್‌ಗಳು. 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿದ ಈ ಮಾರ್ಗದಲ್ಲಿ ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕ ರೈಲು 2007ರ ಡಿಸೆಂಬರ್‌ನಲ್ಲಿ. 2018ರ ಆಗಸ್ಟ್‌ನಲ್ಲಿ ಹಳಿ ಮೇಲೆ ಗುಡ್ಡವೇ ಬಂತು. 2024ರ ಜುಲೈನಲ್ಲಿ ಕಡಗರವಳ್ಳಿ–ಯಡಕುಮರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. 2018ರ ಅದೇ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಆದ ಭೂಕುಸಿತವನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಬುಡ ಕಡಿದ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಮೊದಲ ವರ್ಷ ನಿಲ್ಲುತ್ತದೆ, ಎರಡನೆಯ ವರ್ಷವೂ ನಿಲ್ಲಬಹುದು. ಮೇಲಿನ ಚರಂಡಿಗೆ ಎಲೆ, ಮಣ್ಣು ತುಂಬಿ ನೀರು ಬಿರುಕಿನೊಳಗೆ ಇಳಿದ ವರ್ಷ ಕೆಳಗೆ ಬರುತ್ತದೆ. ಹೀಗಿರುವಾಗ ಮಾಕುಟ್ಟದ ಕಾಡಿನ ಕಡೆಯಿಂದ ತಲಶ್ಶೇರಿಗೋ, ಸಂಪಾಜೆ ಕಡೆಯಿಂದ ಮಂಗಳೂರಿಗೋ ಎರಡನೆಯ ಘಟ್ಟದ ಮಾರ್ಗ ಕಡಿಯುವುದು ತಪ್ಪು. ಆ ಹಣದಲ್ಲಿ ಒಂದು ಪಾಲನ್ನು ಸಕಲೇಶಪುರ ಘಟ್ಟದ ಚರಂಡಿ, ತಡೆಗೋಡೆ, ಬರೆಗೆ ಹೊಡೆಯುವ ಕಬ್ಬಿಣದ ಮೊಳೆಗಳಿಗೆ ಹಾಕಿದರೆ ಹಾಸನ, ಮಂಗಳೂರು ಎರಡಕ್ಕೂ ಅನುಕೂಲ.

ಹಾಗಾದರೆ ಕೊಡಗಿಗೆ ಬೇಕಾದದ್ದು ಏನು? ಮೈಸೂರು ಪಕ್ಕದ ಬೆಳಗೊಳದಿಂದ ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣದ ಮೂಲಕ ಕುಶಾಲನಗರಕ್ಕೆ ಬರುವ ಸುಮಾರು 87 ಕಿ.ಮೀ. ಮಾರ್ಗ. 2019ರಲ್ಲಿ 1,854 ಕೋಟಿ ರೂಪಾಯಿ ಅಂದಾಜಿನಲ್ಲಿ ರೈಲ್ವೆ ಸಚಿವಾಲಯ ಒಪ್ಪಿದ್ದು ಇದನ್ನೇ. ಈ ಮಾರ್ಗದ ಕೊನೆಯ ನಿಲ್ದಾಣವನ್ನು ಕಾವೇರಿ ದಾಟಿಸದೆ, ಕುಶಾಲನಗರದ ಎದುರು ದಡದಲ್ಲಿರುವ ಕೊಪ್ಪದ ಬದಿಯಲ್ಲೇ ಮಾಡಬೇಕೆಂಬುದು ನಮ್ಮ ಒತ್ತಾಯ. ಹೊಳೆ ದಾಟದಿದ್ದರೆ ದೊಡ್ಡ ಸೇತುವೆಯ ಖರ್ಚಿಲ್ಲ, ಮುಂದೆ ಆನೆಕಾಡಿಗೆ ಕೈ ಹಾಕುವ ಆಸೆಯೂ ಹುಟ್ಟುವುದಿಲ್ಲ. ಕುಶಾಲನಗರದ ಬಡಾವಣೆಗಳಿಗೆ ಹೊಳೆ ನೀರು ನುಗ್ಗಿದ್ದು 2018 ಮತ್ತು 2019ರಲ್ಲಿ ಎಲ್ಲರೂ ಕಂಡದ್ದೇ. ಅಲ್ಲಿ ಎತ್ತರದ ಮಣ್ಣಿನ ಏರಿ ಹಾಕಿದರೆ ಅದೇ ಅಡ್ಡಗಟ್ಟೆಯಾಗುತ್ತದೆ. ಆ ವರ್ಷಗಳ ನೀರಿನ ಗುರುತು ನೋಡಿಯೇ ಮೋರಿಗಳ ಅಗಲ ನಿಗದಿಯಾಗಬೇಕು.

ಸರಕಿನ ಬಗ್ಗೆ ಪ್ರಾಮಾಣಿಕ ಲೆಕ್ಕ ಬೇಕು. ದೇಶದ ಸುಮಾರು ಮೂರೂವರೆ ಲಕ್ಷ ಟನ್ ಕಾಫಿಯಲ್ಲಿ ಮೂರನೆಯ ಒಂದು ಭಾಗ ಕೊಡಗಿನದು. 1.2 ಲಕ್ಷ ಟನ್ ಎಂದಿಟ್ಟುಕೊಳ್ಳೋಣ. 20 ಅಡಿಯ ಕಂಟೇನರ್‌ಗೆ 60 ಕೆ.ಜಿ.ಯ ಚೀಲ 320 ಹಿಡಿಯುತ್ತವೆ, ಅಂದರೆ 19.2 ಟನ್. ಒಟ್ಟು 6,250 ಕಂಟೇನರ್. 45 ವ್ಯಾಗನ್‌ಗಳ ಒಂದು ರೈಲು 90 ಕಂಟೇನರ್ ಒಯ್ಯುತ್ತದೆ. ಕೊಡಗಿನ ಕಾಫಿಯೆಲ್ಲ ರೈಲು ಹತ್ತಿದರೂ ವರ್ಷಕ್ಕೆ 70 ರೈಲು, ಅಷ್ಟೇ. ಹಂಗಾಮಿನ ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಮೂರಕ್ಕಿಂತ ಕಡಿಮೆ. ಇದಕ್ಕೆ ಪ್ರತ್ಯೇಕ ಸರಕು ಕಾರಿಡಾರ್ ಬೇಕಿಲ್ಲ. ಮಂಗಳೂರಿಗೆ ರೈಲಿನ ದಾರಿ ಹಾಸನ ಸುತ್ತಿಕೊಂಡು ರಸ್ತೆಯ ಎರಡು ಪಟ್ಟಿಗೂ ಹೆಚ್ಚು. ಸಂಪಾಜೆ ರಸ್ತೆ ಸರಿಯಿದ್ದ ದಿನ ಅಲ್ಲಿಗೆ ಲಾರಿಯೇ ಅಗ್ಗ. ರೈಲು ಗೆಲ್ಲುವುದು ಚೆನ್ನೈ ಬಂದರಿನ ದಾರಿಯಲ್ಲಿ. ಅದಕ್ಕಿಂತಲೂ ಹೆಚ್ಚಾಗಿ, ಒಳಗೆ ಬರುವ ಗೊಬ್ಬರ, ಸಿಮೆಂಟ್, ಪಡಿತರ ಅಕ್ಕಿಯಲ್ಲಿ. 42 ಮುಚ್ಚಿದ ವ್ಯಾಗನ್‌ಗಳ ಒಂದು ರೇಕ್ ಗೊಬ್ಬರ ಎಂದರೆ ಸುಮಾರು 2,600 ಟನ್, ಹತ್ತು ಟನ್ನಿನ 260 ಲಾರಿ ಲೋಡು. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬೀಳುವ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೂ ಇದೇ ಗೂಡ್ಸ್ ಶೆಡ್ ಬೇಕು.

ಆ ಶೆಡ್ ಹೇಗಿರಬೇಕು ಎಂಬುದನ್ನೂ ಈಗಲೇ ಹೇಳಬೇಕು. ಇಡೀ ರೇಕ್ ಒಂದೇ ಸಲ ನಿಲ್ಲುವಂತೆ 750 ಮೀಟರ್ ಲೂಪ್, ಅಂದರೆ ಮುಖ್ಯ ಹಳಿಯ ಪಕ್ಕದ ನಿಲುಗಡೆ ಹಳಿ. ಅರ್ಧ ಉದ್ದದ್ದು ಕಟ್ಟಿದರೆ ರೇಕನ್ನು ಎರಡಾಗಿ ಬಿಡಿಸಿ ಶಂಟಿಂಗ್ ಮಾಡಬೇಕು, ಖಾಲಿ ಮಾಡುವ ಅವಧಿ ಮೀರಿ ದಂಡ ಬೀಳುತ್ತದೆ, ಕೊನೆಗೆ ವ್ಯಾಪಾರಿಗಳು ಲಾರಿಗೇ ಮರಳುತ್ತಾರೆ. ಯಾರ್ಡ್ ನೆಲ 1,200 ಮೀಟರ್‌ಗೆ ಒಂದು ಮೀಟರ್‌ಗಿಂತ ಹೆಚ್ಚು ಇಳಿಜಾರಾಗಬಾರದು, ನಿಲ್ಲಿಸಿದ ವ್ಯಾಗನ್ ತಾನೇ ಉರುಳಬಾರದು. ಇಳಿಸುವ ಕಟ್ಟೆಯ ಉದ್ದಕ್ಕೂ ಮಾಡು ಬೇಕು, ಬರೀ ನಡುವಿನ ನೂರು ಮೀಟರ್‌ಗಲ್ಲ. ಜೂನ್‌ನಲ್ಲಿ ಕಂಟೇನರ್ ಬಾಗಿಲು ತೆರೆದಿಟ್ಟು ಕಾಫಿ ತುಂಬಿದರೆ ತೇವ ಒಳಗೇ ಉಳಿಯುತ್ತದೆ. ಹಡಗಿನಲ್ಲಿ ಬಿಸಿಲು, ತಂಪು ಬದಲಾದಾಗ ತಗಡಿನ ಚಾವಣಿ ಬೆವರಿ ಮೇಲಿನ ಸಾಲಿನ ಗೋಣಿಚೀಲಗಳ ಮೇಲೆ ಹನಿಯುತ್ತದೆ. ಆ ಚೀಲಗಳ ಕಾಫಿಗೆ ಬೂಸ್ಟು ಬಂದು ಇಡೀ ಕಂಟೇನರಿನ ಬೆಲೆ ಬೀಳುತ್ತದೆ. ಕುಶಾಲನಗರ ಪಕ್ಕದ ಕೂಡ್ಲೂರಿನಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲೇ ಒಳಗೆ ಕ್ರಾಫ್ಟ್ ಕಾಗದ ಹೊದಿಸಿ, ತೇವ ಹೀರುವ ಪೊಟ್ಟಣ ತೂಗಿಬಿಟ್ಟು, ಸೀಲ್ ಮಾಡಿದ ಕಂಟೇನರನ್ನೇ ಯಾರ್ಡಿಗೆ ತಂದು ವ್ಯಾಗನ್ ಮೇಲೆ ಕೂರಿಸುವ ವ್ಯವಸ್ಥೆ ಬೇಕು. ಅಂದರೆ ತುಂಬಿದ ಕಂಟೇನರ್ ಎತ್ತುವ ಯಂತ್ರವೂ, ಅದರ ಚಕ್ರದ ಭಾರ ತಡೆಯುವ ದಪ್ಪ ಕಾಂಕ್ರೀಟ್ ನೆಲವೂ ಅಂದಾಜುಪಟ್ಟಿಯಲ್ಲಿರಬೇಕು.

ಕಾರಿಡಾರ್ ಎಂಬ ಮಾತು ನಮ್ಮ ಕಡೆ ಮೊದಲು ಸಲ್ಲುವುದು ಆನೆಗೆ. ನಾಗರಹೊಳೆ ಅಂಚಿನಲ್ಲಿ ಹಳೆಯ ರೈಲು ಹಳಿಗಳನ್ನೇ ನೆಟ್ಟು ಆನೆ ತಡೆಯುವ ಬೇಲಿ ಮಾಡಿದ್ದಾರೆ. ಹುಣಸೂರು, ಪಿರಿಯಾಪಟ್ಟಣದ ನಡುವೆ ಆನೆ ದಾಟುವ ಜಾಗಗಳನ್ನು ಅರಣ್ಯ ಸಿಬ್ಬಂದಿಯೊಡನೆ ಗುರುತಿಸಿ ಅಲ್ಲಿ ಹಳಿಯನ್ನು ಕಂಬಗಳ ಮೇಲೆ ಎತ್ತಬೇಕು. ತಮಿಳುನಾಡಿನ ಮದುಕ್ಕರೈ ಬಳಿ ಆನೆಗಳು ಸತ್ತ ಮೇಲೆ ಕೆಳದಾರಿ, ಕ್ಯಾಮೆರಾ ಎಲ್ಲ ಬಂದವು. ಇಲ್ಲಿ ಮೊದಲೇ ಬರಲಿ.

ಪ್ರಯಾಣಿಕರ ವಿಷಯ ಸರಳ. 87 ಕಿ.ಮೀ. ದೂರವನ್ನು ಸರಾಸರಿ 80ರಲ್ಲಿ ಓಡಿದರೆ 65 ನಿಮಿಷ, ಸರಾಸರಿ 110ರಲ್ಲಿ 47 ನಿಮಿಷ. ಉಳಿಯುವುದು 18 ನಿಮಿಷ. ಮೈಸೂರಿನಲ್ಲಿ ಮುಂದಿನ ರೈಲಿಗೆ ಒಂದು ಗಂಟೆ ಕಾಯಿಸಿದರೆ ಆ ವೇಗ ಯಾರಿಗೂ ದಕ್ಕುವುದಿಲ್ಲ. ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಯೋಜಿಸಿರುವ 435 ಕಿ.ಮೀ. ಅತಿವೇಗದ ಮಾರ್ಗ ಬಂದರೂ ಅದು ಮೈಸೂರಿಗೇ ಮುಗಿಯಲಿ. ಅಲ್ಲಿ ಒಂದೇ ಪ್ಲಾಟ್‌ಫಾರ್ಮಿನ ಆಚೆ ಈಚೆ ರೈಲು ಬದಲಿಸುವಂತೆ ವೇಳಾಪಟ್ಟಿ ಹೊಂದಿಸಲಿ. ಕೊಪ್ಪ ನಿಲ್ದಾಣದ ಹೊರಗೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಯ ಬಸ್ಸುಗಳು ರೈಲು ಬರುವ ಹೊತ್ತಿಗೆ ನಿಂತಿರಲಿ.

ಮೈಸೂರು–ಕುಶಾಲನಗರ ಚತುಷ್ಪಥ ಹೆದ್ದಾರಿಗೆ ಜಮೀನು ಹೋದ ರೈತರನ್ನೇ ರೈಲಿಗೆಂದು ಮತ್ತೊಮ್ಮೆ ಎಬ್ಬಿಸುವ ಮೊದಲು, ಹೆದ್ದಾರಿಯ ಕೆಳಸೇತುವೆಗಳ ಜಾಗ ಮತ್ತು ರೈಲು ಮಾರ್ಗದ ನಕ್ಷೆ ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ತಾಲ್ಲೂಕು ಕಚೇರಿಗಳಲ್ಲಿ ಸಾರ್ವಜನಿಕರಿಗೆ ತೋರಿಸಬೇಕು. ಪ್ರತಿ ತಿರುವಿನ ತ್ರಿಜ್ಯ, ಪ್ರತಿ ಮೋರಿಯ ಅಗಲ, ಗೂಡ್ಸ್ ಲೂಪಿನ ಉದ್ದ ಅದರಲ್ಲಿ ಕಾಣಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಕೆಲವು ನಿವೃತ್ತ ಎಂಜಿನಿಯರರು ಮತ್ತು ಕಾಫಿ ಬೆಳೆಗಾರರು
ಕುಶಾಲನಗರ, ಕೊಡಗು