ಭಾನುವಾರದ ಅಭ್ಯಾಸ ಓಟ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 5.45ಕ್ಕೆ ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದ ಎದುರು ಸೇರೋಣ. ಅರ್ಧ ಮ್ಯಾರಥಾನಿಗೆ, ಅಂದರೆ 21.1 ಕಿ.ಮೀ. ಓಟಕ್ಕೆ, ಹೆಸರು ಕೊಟ್ಟವರು ತಪ್ಪಿಸಬೇಡಿ. ಭಾನುವಾರ ಒಳಗೆ ವಾಹನಗಳಿಗೆ ಪ್ರವೇಶವಿಲ್ಲ. ಗಾಡಿ ಹೊರಗೇ ನಿಲ್ಲಿಸಿ.

ಪಳಗಿದ ಶೂ ಹಾಕಿಕೊಂಡೇ ಬನ್ನಿ. ಹಿಂದಿನ ಸ್ಪರ್ಧೆಯಲ್ಲಿ ಹೊಸ ಶೂ ಮೆರೆಸಲು ಹೋಗಿ 14ನೇ ಕಿಲೊಮೀಟರಿಗೆ ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅದರ ಮುಂಚಿನದರಲ್ಲಿ ಡೊಳ್ಳಿನ ಸದ್ದಿಗೆ ಹುರುಪೇರಿ ಮೊದಲ ಐದು ಕಿ.ಮೀ. ಹಾರಿದೆ, ಕೊನೆಯ ಮೂರು ಕಿ.ಮೀ. ಕುಂಟುತ್ತಾ ನಡೆದೆ. (ಫೋಟೊ ಬಂದದ್ದು ಆ ನಡಿಗೆಯದೇ!) ಆದ್ದರಿಂದ ಈ ಸಲ ಆರಂಭ ನಿಧಾನ, ಮಾತನಾಡುತ್ತಾ ಓಡುವಷ್ಟು ವೇಗ ಸಾಕು.

ನೀರು, ಒಂದು ಬಾಳೆಹಣ್ಣು ಜೊತೆಗಿರಲಿ. ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರುತ್ತೇನೆ’ ಎಂದು ಇಲ್ಲಿ ಬರೆಯಿರಿ. ಬರೀ ಹೆಬ್ಬೆರಳಿನ ಚಿತ್ರ ಲೆಕ್ಕಕ್ಕಿಲ್ಲ.