ಎಡಗಾಲು, ಎಡಗಿವಿ

ಪೋಸ್ಟ್‌ಮಾಸ್ಟ್ರೇ,

ಹೇಗಿದ್ದೀಯಾ? ಫೋನ್ ಮಾಡುವುದು ಬಿಟ್ಟು ಇವನೇನು ಪತ್ರ ಬರೆಯುತ್ತಿದ್ದಾನೆ, ಅದೂ ಊರೆಲ್ಲ ಓದುವ ಕಡೆ ಹಾಕುತ್ತಿದ್ದಾನೆ ಅಂದುಕೊಳ್ಳುತ್ತಿರಬಹುದು. ಕಾರಣ ಇದೆ, ಆಮೇಲೆ ಹೇಳುತ್ತೇನೆ. ಮೊದಲು ಸಂತೋಷದ ಸುದ್ದಿ ಕೇಳು. ಹಾಸನದ ಹಾಸ್ಟೆಲ್ ರೂಮಿನಲ್ಲಿ ಅನ್ನದ ಅಗುಳು ಒತ್ತಿ ಗೋಡೆಗೆ ಒಂದು ಕಾರಿನ ಚಿತ್ರ ಅಂಟಿಸಿದ್ದೆವಲ್ಲ, ಸ್ಯಾನ್ ಸ್ಟಾರ್ಮ್? ಅದು ಈಗ ಚಿಕ್ಕಮಗಳೂರಿನಲ್ಲಿ ನಮ್ಮನೆ ಶೆಡ್ಡಿನಲ್ಲಿ ನಿಂತಿದೆ ಮಾರಾಯ. ಚಿತ್ರ ಅಲ್ಲ, ಕಾರೇ. ಬಣ್ಣವೂ ಅದೇ ಕೆಂಪು.

ನನ್ನದಲ್ಲ, ಅಕ್ಕನ ಮಗನದು. ಬೆಂಗಳೂರಿನಲ್ಲಿ ಹಳೇದೊಂದನ್ನು ಹುಡುಕಿ ಕೊಂಡು, ಎರಡು ವರ್ಷ ಗ್ಯಾರೇಜಿಗೆ ಅಲೆದು ಓಡುವ ಹಾಗೆ ಮಾಡಿಸಿದ್ದಾನೆ. ಅವನ ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಲು ಜಾಗ ಇಲ್ಲ. "ಮಾವ, ನಿಮ್ಮಲ್ಲೇ ಇರ್ಲಿ. ಆದ್ರೆ ವಾರಕ್ಕೆರಡು ಸಲ ಓಡಿಸ್ಬೇಕು, ಸುಮ್ನೆ ನಿಂತ್ರೆ ಗಾಡಿ ಹಾಳಾಗತ್ತೆ" ಅಂದ. ನಮ್ಮ ದೇಶದಲ್ಲೇ, ಗೋವಾದಲ್ಲಿ ತಯಾರಾದ ಕಾರು ಅದು. ಎರಡೇ ಸೀಟು, ಫೈಬರ್ ಬಾಡಿ, ರೆನೋ ಕಂಪನಿಯ 1.2 ಲೀಟರ್ ಇಂಜಿನ್, ಐದು ಗೇರು. ಶಕ್ತಿ 60 ಬಿಎಚ್‌ಪಿ, ಈಗಿನ ಸಾಧಾರಣ ಕಾರುಗಳಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೆ ಮೇಲ್ಛಾವಣಿ ತೆಗೆದು ಕೂತರೆ ರಸ್ತೆ ಸೊಂಟದ ಪಕ್ಕದಲ್ಲೇ ಓಡುತ್ತದೆ. ಕಡೂರು ಬಸ್ಸು ಪಕ್ಕಕ್ಕೆ ಬಂದರೆ ಅದರ ಚಕ್ರ ಕಿವಿ ಹತ್ತಿರ ಬರುತ್ತದೆ. ನಲವತ್ತು ದಾಟಿದ ಮೇಲೆ ಇಷ್ಟು ಖುಷಿ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ತೊಂದರೆ ಏನಂದರೆ, ನನಗೆ ಗೇರ್ ಗಾಡಿ ಬರುವುದಿಲ್ಲ. ನಾನು ಕಾರು ಕಲಿತದ್ದೇ ತಡವಾಗಿ, ಅದೂ ಎಎಂಟಿಯಲ್ಲಿ. 2014ರಲ್ಲಿ ಮಾರುತಿಯವರು ಸೆಲೆರಿಯೋದಲ್ಲಿ ತಂದರಲ್ಲ, ಅದೇ ಬಗೆಯದು. ಅದರ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಮಾಮೂಲಿ ಕ್ಲಚ್ಚೇ. ಒತ್ತುವ ಬಿಡುವ ಕೆಲಸ ಮಾತ್ರ ಯಂತ್ರ ಮಾಡುತ್ತದೆ. ಹಾಗಾಗಿ ಇಷ್ಟು ವರ್ಷ ಎಡಗಾಲನ್ನು ಸುಮ್ಮನೆ ಮೂಲೆಗಿಟ್ಟುಕೊಂಡೇ ಓಡಿಸಿದೆ. ಲೈಸೆನ್ಸ್ ಎರಡಕ್ಕೂ ಒಂದೇ, ಯಾರೂ ಕೇಳಲಿಲ್ಲ.

ಪಾಠ ಶುರುವಾದದ್ದು ಆಲ್ದೂರು ಕಡೆ ನೆಂಟರ ತೋಟದಲ್ಲಿ, ಕಾಫಿ ಒಣಗಿಸುವ ಕಣದಲ್ಲಿ. ಮಾರ್ಚ್ ತಿಂಗಳು, ಕಾಫಿ ಎಲ್ಲ ಎತ್ತಿ ಆಗಿತ್ತು. ಒಂದು ಮೂಲೆಯಲ್ಲಿ ಟಾರ್ಪಲ್ ಮೇಲೆ ಮೆಣಸು ಹರಡಿದ್ದರು. ಹಿಂದಿನ ವಾರ ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಹೂ ಬಿಟ್ಟು ಬೆಳ್ಳಗಾಗಿದ್ದವು. ಆ ವಾಸನೆ ನಿನಗೆ ಗೊತ್ತಲ್ಲ, ಅದರ ಮಧ್ಯೆ ಪೆಟ್ರೋಲ್ ವಾಸನೆ. ಹುಡುಗ ಮೊದಲು ಆಕ್ಸಿಲರೇಟರ್ ಮುಟ್ಟಲೇ ಬಿಡಲಿಲ್ಲ. "ಹಿಮ್ಮಡಿ ನೆಲದ ಮೇಲಿಡಿ ಮಾವ. ಫಸ್ಟ್ ಗೇರ್ ಹಾಕಿ. ಕ್ಲಚ್ಚನ್ನ ಒಂದೊಂದೇ ನೂಲಿನಷ್ಟು ಬಿಡ್ತಾ ಬನ್ನಿ. ಮೂತಿ ಒಂಚೂರು ಎತ್ತತ್ತೆ, ಅಲ್ಲೇ ನಿಲ್ಸಿ" ಅಂದ.

ಆ ಜಾಗ ಎಷ್ಟು ಚಿಕ್ಕದು ಗೊತ್ತಾ? ಪೆಡಲ್ ಪೂರ್ತಿ ಒತ್ತಿದರೆ ಕ್ಲಚ್ ಪ್ಲೇಟು ಇಂಜಿನ್ ಜೊತೆ ತಿರುಗುವ ಫ್ಲೈವೀಲ್‌ನಿಂದ ಬಿಟ್ಟಿರುತ್ತದೆ. ಇಂಜಿನ್ ತನ್ನ ಪಾಡಿಗೆ ತಿರುಗುತ್ತದೆ, ಚಕ್ರ ತನ್ನ ಪಾಡಿಗೆ ನಿಂತಿರುತ್ತದೆ. ಬಿಡುತ್ತ ಬಂದ ಹಾಗೆ ಪ್ಲೇಟು, ಫ್ಲೈವೀಲ್ ಎರಡೂ ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ, ಕೊನೆಗೆ ಹಿಡಿದುಕೊಳ್ಳುತ್ತವೆ. ಹಿಡಿಯುವ ಆ ಗಳಿಗೆಗೇ ಹಾಫ್ ಕ್ಲಚ್ ಅನ್ನುವುದು. ಅದನ್ನು ದಾಟಿ ಕಾಲು ಸರಕ್ಕನೆ ಎತ್ತಿದರೆ ಗಾಡಿ ಎರಡು ಸಲ ಕುಣಿದು ಬಂದ್ ಬೀಳುತ್ತದೆ. ಮೊದಲ ದಿನ ನಾನು ಹದಿನೇಳು ಸಲ ಬಂದ್ ಬೀಳಿಸಿದೆ. ಹದಿನೆಂಟನೇ ಸಲ ಮೂತಿ ನಿಧಾನವಾಗಿ ಎತ್ತಿತು. ಪಾದದ ಕೆಳಗೆ ಸಣ್ಣಗೆ ನಡುಕ ಬಂತು, ಕಾರು ಉಸಿರು ಬಿಟ್ಟ ಹಾಗೆ ಮುಂದಕ್ಕೆ ಹೊರಟಿತು. ಕಣದ ಈ ತುದಿಯಿಂದ ಆ ತುದಿಗೆ, ನಡಿಗೆಯ ವೇಗದಲ್ಲಿ. ಕಣ್ಣಲ್ಲಿ ನೀರು ಬಂತು.

ನಾಲ್ಕನೇ ಬೆಳಿಗ್ಗೆ ಕೈಮರ ದಾಟಿ ಮುಳ್ಳಯ್ಯನಗಿರಿ ರಸ್ತೆಗೆ ಹೋದೆವು. ಶನಿವಾರ, ಭಾನುವಾರ ಆ ಕಡೆ ತಲೆ ಹಾಕುವ ಹಾಗಿಲ್ಲ, ಅಷ್ಟು ಗಾಡಿ. ಅದಕ್ಕೇ ಮಂಗಳವಾರ, ಬೆಳಿಗ್ಗೆ ಆರು ಗಂಟೆಗೆ. ಇಂಥ ದಾರಿಗಳಲ್ಲೇ ಅಲ್ವಾ ರ‍್ಯಾಲಿ ನೋಡೋಕೆ ನಾವು ಹಾಸನದಿಂದ ಓಡಿ ಬರುತ್ತಿದ್ದದ್ದು? ಛತ್ರಿಯ ವಿಷಯ ಇಲ್ಲಿ ಬರೆಯಲ್ಲ, ಹೆದರಬೇಡ.

ಘಾಟಿಯಲ್ಲಿ ಹುಡುಗ ಹೇಳಿಕೊಟ್ಟದ್ದು ಎರಡೇ ಮಾತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಬ್ರೇಕನ್ನೇ ನಂಬಿಕೊಂಡು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ, ಇಂಜಿನ್ನೇ ಗಾಡಿಯನ್ನು ತಡೆಯಬೇಕು. ಎರಡನೇದು, ಇಕ್ಕಟ್ಟಿನಲ್ಲಿ ಹತ್ತಿ ಬರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, ಕಾನೂನೇ. ಬೆಂಗಳೂರಿಂದ ಬರುವ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ ಅಂತ ಕಾಣುತ್ತದೆ. ಓದುವವರು ದಯವಿಟ್ಟು ನೆನಪಿಡಿ.

ಒಂದು ತಿರುವಿನಲ್ಲಿ ಎದುರಿಗೆ ಗಾಡಿ ಬಂದು ಏರಿನಲ್ಲೇ ನಿಲ್ಲಬೇಕಾಯಿತು. ಹಿಂದೆ ಒಂದು ಜೀಪು, ಜನ ತುಂಬಿದ್ದರು. ಹೊರಡುವ ಹೊತ್ತಿಗೆ ಹುಡುಗ ಎಡಗಡೆಯಿಂದ ಏನೋ ಹೇಳಿದ. ನನಗೆ ಕೇಳಿಸಿದ್ದು "ಕ್ಲಚ್ ಬಿಡಿ" ಅಂತ. ಬಿಟ್ಟೆ. ಇಂಜಿನ್ ಬಂದ್ ಬಿತ್ತು, ಕಾರು ಹಿಂದಕ್ಕೆ ಜಾರಿತು. ನಾನು ಬ್ರೇಕ್ ಒತ್ತುವ ಮೊದಲೇ ಅವನ ಕೈ ಹ್ಯಾಂಡ್ ಬ್ರೇಕ್ ಎಳೆದಿತ್ತು. ಜೀಪಿಗೂ ನಮಗೂ ನಡುವೆ ಮೊಣಕೈ ಉದ್ದ ಉಳಿದಿತ್ತು.

"ಮಾವ, ಬಿಡ್ಬೇಡಿ ಅಂದೆ. ಬಿಡ್ಬೇಡಿ ಅಂತ ಮೂರು ಸಲ ಹೇಳಿದೆ."

ಬೇಡ ಅನ್ನುವುದನ್ನು ಗಾಳಿ ನುಂಗಿತ್ತು.

ಜೀಪಿನ ಡ್ರೈವರ್ ಇಳಿದು ಬಂದ. ಬೈಯುತ್ತಾನೆ ಅಂದುಕೊಂಡೆ. ಅವನು ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು, "ನಿಧಾನ ಹೊರಡಿ ಸಾರ್, ಅರ್ಜೆಂಟೇನಿಲ್ಲ" ಅಂದ. ಹಾಗೆ ಅವನು ಹೇಳಿದ್ದು ಬಲಗಡೆ ನಿಂತು. ಒಂದಕ್ಷರ ಬಿಡದೆ ಕೇಳಿಸಿತು.

ಇಳಿಯುವಾಗ ಹುಡುಗ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ. "ಮಾವ, ಗೇರ್ ಬದಲಾಯಿಸೋಕೆ ಯಾವಾಗ್ಲೂ ಮೀಟರ್ ನೋಡ್ತೀರಿ. 20ಕ್ಕೆ ಎರಡು, 40ಕ್ಕೆ ಮೂರು ಅಂತ ಬಾಯಿಪಾಠ ಮಾಡ್ಕೊಂಡಿದೀರಿ. ಇಂಜಿನ್ ಕಿರುಚ್ತಾ ಇರತ್ತೆ, ಆದ್ರೂ ಹಾಕಲ್ಲ. ನಿಮಗೆ ಶಬ್ದ ಕೇಳ್ಸಲ್ವಾ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಕೇಳಿಸಲ್ಲ ಕಣೋ, ಅಂದೆ.

ಕೇಳಿಸಲ್ಲ ಪೋಸ್ಟ್‌ಮಾಸ್ಟ್ರೇ. ಪೂರ್ತಿ ಕಿವುಡಲ್ಲ. ಇಂಜಿನ್ನಿನ ಗುಡುಗುಡು ಕೇಳಿಸುತ್ತದೆ, ಅದು ಏರುತ್ತಾ ಹೋದಾಗಿನ ಕಿರ್ ಅನ್ನುವ ದನಿ ಕೇಳಿಸುವುದಿಲ್ಲ. ಎರಡು ಕಿವಿಯೂ ಅಷ್ಟಕ್ಕಷ್ಟೇ, ಎಡಗಡೆ ಜಾಸ್ತಿ. ಚಿಕ್ಕಂದಿನಲ್ಲಿ ಅದು ಸೋರುತ್ತಿತ್ತು. ಅದರ ಮೇಲೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 19 ವರ್ಷ ಕೆಲಸ. ಕಾಫಿ ಸಿಪ್ಪೆ ಬಿಡಿಸುವ ಹಲ್ಲರ್ ಪಕ್ಕದಲ್ಲಿ ನಿಂತು ಮಾತಾಡಿದರೆ ಒಬ್ಬರ ಬಾಯಿ ಒಬ್ಬರು ನೋಡಬೇಕು, ಅಷ್ಟು ಸದ್ದು. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ಗಿಂತ ಜಾಸ್ತಿ ಸದ್ದಿನಲ್ಲಿ ಇದ್ದರೆ ಕಿವಿಗೆ ಅಪಾಯ ಅಂತಾರೆ. ಕಿವಿಗೆ ಹಾಕಿಕೊಳ್ಳಲು ಕೊಟ್ಟದ್ದನ್ನು ನಾನು ಜೇಬಿನಲ್ಲೇ ಇಟ್ಟುಕೊಂಡೆ.

ಇಂಥ ಕಿವಿಯಲ್ಲಿ ಮೊದಲು ಹೋಗುವುದು ಸಣ್ಣ ದನಿ, ಮೇಲಿನ ದನಿ. ಅ, ಆ, ಓ ಎಲ್ಲ ಬರುತ್ತವೆ. ಸ, ಶ, ತ, ಕ ಉದುರಿ ಹೋಗುತ್ತವೆ. ಅದಕ್ಕೇ ಸದ್ದು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ, ಮನಸ್ಸಿಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತೇವೆ.

ಟೆಸ್ಟ್ ಮಾಡಿಸಿ ಎರಡು ವರ್ಷ ಆಯಿತು. ರಿಪೋರ್ಟ್ ಬೀರುವಿನಲ್ಲಿ ಇನ್ಶೂರೆನ್ಸ್ ಕಾಗದಗಳ ಕೆಳಗಿದೆ. ಇವಳಿಗೂ ಹೇಳಿರಲಿಲ್ಲ. ಜನ ಜೋರಾಗಿ ಮಾತಾಡಲು ಶುರು ಮಾಡುತ್ತಾರೆ, ಆಮೇಲೆ ಮಾತಾಡುವುದನ್ನೇ ಬಿಡುತ್ತಾರೆ. ನನ್ನ ಅಜ್ಜನಿಗೆ ಹಾಗೆ ಆಗಿದ್ದನ್ನು ನೋಡಿದ್ದೇನೆ. ನನಗೆ ಆ ಭಯ.

ಈಗ ನಿನಗೆ ಹೇಳಬೇಕಾದದ್ದು. ಇಷ್ಟು ದೂರ ಬರೆಯಬೇಕು ಅಂತ ಕೂತಿರಲಿಲ್ಲ, ಕಾರಿನ ವಿಷಯ ಬರೆದು ಮುಗಿಸೋಣ ಅಂತಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ನೀನು ಆಸ್ಪತ್ರೆಯಿಂದ ಫೋನ್ ಮಾಡಿದೆ. ನಾನು ಐ.ಜಿ. ರಸ್ತೆಯಲ್ಲಿ ನಿಂತಿದ್ದೆ, ಮಳೆ, ಗಾಡಿಗಳ ಸದ್ದು. ನೀನು ನಿನ್ನ ಅಮ್ಮನ ಬಗ್ಗೆ ಹೇಳಿದೆ. ನನಗೆ ಕೇಳಿಸಿದ್ದು "ಏನೂ ಆಗಲ್ಲ ಅಂದ್ರು ಡಾಕ್ಟ್ರು" ಅಂತ. ನಾನು, "ಹಾಗಾದ್ರೆ ಒಳ್ಳೇದಾಯ್ತು ಬಿಡು, ಆರಾಮಾಗಿರು" ಅಂದೆ. ನೀನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸರಿ, ಇಡ್ತೀನಿ" ಅಂದೆ.

ನೀನು ಹೇಳಿದ್ದು "ಏನೂ ಮಾಡಕ್ಕಾಗಲ್ಲ ಅಂದ್ರು."

ಅದು ನನಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ, ನಿಮ್ಮ ಮನೆ ಅಂಗಳದಲ್ಲಿ, ನಿನ್ನ ತಮ್ಮನ ಬಾಯಿಂದ. ಆ ಅಂಗಳದಲ್ಲಿ ಅಮ್ಮ ನನಗೆ ಎಷ್ಟು ಸಲ ಅನ್ನ ಬಡಿಸಿದ್ದಾರೆ. ನೀನು ಕಂಬಕ್ಕೆ ಒರಗಿ ಕೂತಿದ್ದೆ. ನಾನು ಬಂದು ಪಕ್ಕದಲ್ಲಿ ಕೂತೆ, ಹೇಳಲಿಲ್ಲ. ಹೇಳಿದರೆ ಕಿವಿಯ ವಿಷಯ ಹೇಳಬೇಕಾಗುತ್ತಿತ್ತು. ನನ್ನ ಗುಟ್ಟು ಉಳಿಯಲಿ ಅಂತ ನಿನ್ನ ನೋವನ್ನು ಹಾಗೇ ಬಿಟ್ಟೆ. ಆಮೇಲೆ ನೀನು ಫೋನ್ ಮಾಡುವುದು ಕಡಿಮೆಯಾಯಿತು. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಏರಿನಲ್ಲಿ ಕಾರು ಹಿಂದಕ್ಕೆ ಜಾರಿದಾಗ ನನಗೆ ನೆನಪಾದದ್ದು ಜೀಪಲ್ಲ, ಆ ಫೋನು. ಕ್ಷಮಿಸು ಕಣೋ.

ಎಲ್ಲರೂ ಓದುವ ಕಡೆ ಯಾಕೆ ಹಾಕಿದೆ ಅಂದರೆ, ನಾನು ತಪ್ಪು ಉತ್ತರ ಕೊಟ್ಟದ್ದು ನಿನಗೊಬ್ಬನಿಗೇ ಅಲ್ಲ. ಯಾರ‍್ಯಾರಿಗೆ ಏನೇನು ಅಂದಿದ್ದೇನೋ ನನಗೆ ಲೆಕ್ಕವಿಲ್ಲ. ಮದುವೆ ಮನೆಯಲ್ಲಿ ನಾನು ನಕ್ಕು ತಲೆ ಆಡಿಸಿದ್ದನ್ನು ನೋಡಿ ಬೇಜಾರಾದವರು ಇದ್ದರೆ, ಅವರಿಗೂ ಈ ಪತ್ರ ತಲುಪಲಿ. ಇವಳಿಗೆ ಮೊನ್ನೆ ರಾತ್ರಿ ಹೇಳಿದೆ. "ಗೊತ್ತಿತ್ತು. ನೀವೇ ಹೇಳ್ಲಿ ಅಂತ ಕಾಯ್ತಾ ಇದ್ದೆ" ಅಂದಳು. ಮುಂದಿನ ಬುಧವಾರ ಇಬ್ಬರೂ ಮೈಸೂರಿಗೆ, ವಾಕ್ ಶ್ರವಣ ಸಂಸ್ಥೆಗೆ ಹೋಗುತ್ತಿದ್ದೇವೆ. ಮಿಷನ್ ಹಾಕಿಸಿಕೊಳ್ಳುತ್ತೇನೆ.

ಡ್ರೈವಿಂಗ್ ಬಿಟ್ಟಿಲ್ಲ. ಮಿಷನ್ ಬರುವ ತನಕ ಕಣದಲ್ಲಿ ಮಾತ್ರ. ಹುಡುಗ ಹೊಸ ಉಪಾಯ ಹೇಳಿಕೊಟ್ಟಿದ್ದಾನೆ. ಸೆಕೆಂಡಿನಿಂದ ಥರ್ಡಿಗೆ ಹೋಗುವ ಮೊದಲು ಗೇರ್ ಗುಂಡಿಯ ಮೇಲೆ ಅಂಗೈ ಹಗುರವಾಗಿ ಇಡಬೇಕು. ಇಂಜಿನ್ ಆರಾಮಾಗಿದ್ದರೆ ದಪ್ಪ ನಡುಕ, ಜಾಸ್ತಿ ತಿರುಗುತ್ತಿದ್ದರೆ ಸಣ್ಣ ನಡುಕ, ಜೇನುನೊಣ ಮುಷ್ಟಿಯಲ್ಲಿ ಸಿಕ್ಕ ಹಾಗೆ. ಆಗ ಕ್ಲಚ್ ಒತ್ತಿ ಬದಲಾಯಿಸಬೇಕು. ಕೈಯನ್ನು ಅಲ್ಲೇ ಇಟ್ಟುಕೊಂಡು ಓಡಿಸಿದರೆ ಒಳಗಿನ ಭಾಗ ಸವೆಯುತ್ತದಂತೆ, ಅದಕ್ಕೇ ಒಂದು ಗಳಿಗೆ ಮುಟ್ಟಿ ಸ್ಟೀರಿಂಗಿಗೆ ವಾಪಸ್. ನಿನ್ನೆ ಮೀಟರ್ ಮೇಲೆ ಕಾಗದ ಅಂಟಿಸಿ ಕಣದಲ್ಲಿ ಆರು ಸುತ್ತು ಹೊಡೆದೆ. ಒಂದು ಸಲವೂ ಬಂದ್ ಬೀಳಲಿಲ್ಲ. ಮೆಣಸಿಗೂ ಏನೂ ಆಗಲಿಲ್ಲ.

ಸರಿ, ಇನ್ನು ಸಾಕು. ಮಳೆ ಹಿಡಿಯುವ ಮೊದಲು ಒಂದು ಸಲ ಬಾ. ಮೂಡಿಗೆರೆ ಮೇಲೆ ಕೊಟ್ಟಿಗೆಹಾರಕ್ಕೆ ಹೋಗೋಣ. ನೀರುದೋಸೆ ನಿನ್ನ ಲೆಕ್ಕ, ಹದಿಮೂರನೇ ಇಡ್ಲಿಯ ಬಾಕಿ ಇನ್ನೂ ತೀರಿಲ್ಲ. ಕಾರು ನೀನೇ ಓಡಿಸು, ಗೇರ್ ಗಾಡಿ ನಿನಗೆ ಮೊದಲಿಂದ ಬರುತ್ತದಲ್ಲ. ನಾನು ಎಡಗಡೆ ಸೀಟಿನಲ್ಲಿ ಕೂರುತ್ತೇನೆ. ಆಗ ನನ್ನ ಬಲಗಿವಿ ನಿನ್ನ ಕಡೆಗೆ ಇರುತ್ತದೆ. ಮೇಲ್ಛಾವಣಿ ಮುಚ್ಚಿಕೊಂಡೇ ಹೋಗೋಣ. ಅವತ್ತು ಆಸ್ಪತ್ರೆಯಿಂದ ಏನು ಹೇಳಬೇಕು ಅಂತಿದ್ದೆಯೋ ಅದನ್ನು ಮೊದಲಿಂದ ಹೇಳು.

ನಿನ್ನ,
ರೂಮ್ ನಂಬರ್ 9